ಗೇರುಹಣ್ಣಿನ ಒಗರು, ನೆನೆದ ರಟ್ಟಿನ ವಾಸನೆ

ಪ್ರಶ್ನೆ: ದಿನಬಳಕೆಗೆಂದು ಮೂರು ಅಗ್ಗದ ಕೆಂಪು ವೈನ್ ತಂದೆ. ಒಂದು ಪಾನಕದಂತೆ ಸಿಹಿ. ಇನ್ನೊಂದು ಗೇರುಹಣ್ಣಿನಂತೆ ನಾಲಿಗೆ ಹಿಡಿಯಿತು. ಮೂರನೆಯದಕ್ಕೆ ನೆನೆದ ರಟ್ಟಿನ ವಾಸನೆ. ದುಡ್ಡು ವ್ಯರ್ಥವಾಯಿತೇ?
– ಓದುಗರು, ಕುಂದಾಪುರ

ಉತ್ತರ: ಮೂರನೆಯದು ಮಾತ್ರ ವ್ಯರ್ಥ. ಅದು ಕಾರ್ಕ್ ಬಿರಡೆಯಿಂದ ಬರುವ ದೋಷ. ಕುಡಿದರೆ ಅಪಾಯವಿಲ್ಲ, ಆದರೆ ರುಚಿ ಸತ್ತಿರುತ್ತದೆ. ಅಂಗಡಿಗೆ ಹಿಂದಿರುಗಿಸಲು ಸಂಕೋಚ ಬೇಡ. ಗೇರುಹಣ್ಣಿನ ಹೋಲಿಕೆಯಂತೂ ನನಗೆ ಬಹಳ ಹಿಡಿಸಿತು! ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್. ಕೋಳಿಸುಕ್ಕದ ಜೊತೆ ಕುಡಿದು ನೋಡಿ, ಮೆತ್ತಗಾಗುತ್ತದೆ.

ಪಾನಕದಂಥ ಸಿಹಿಯದ್ದೂ ವ್ಯರ್ಥವಲ್ಲ. ಕಳೆದ ತಿಂಗಳು ನಾನೂ ನಾಲ್ಕು ಬಾಟಲಿಗಳಿಗೆ ದಿನಪತ್ರಿಕೆ ಸುತ್ತಿ, ಬೆಲೆ ಮರೆಮಾಡಿ ಮನೆಯವರಿಗೆ ಕೊಟ್ಟೆ. ಅತಿ ದುಬಾರಿಯದ್ದನ್ನು ಭಾವ 'ಮಳೆಗೆ ಸೋರಿದ ಕೊಟ್ಟಿಗೆ' ಎಂದರು. ಎಲ್ಲರೂ ಎರಡನೇ ಲೋಟ ಕೇಳಿದ್ದು ಬೆಂಗಳೂರು ಬ್ಲೂ ದ್ರಾಕ್ಷಿಯ ಅಗ್ಗದ ಸಿಹಿ ವೈನನ್ನು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ದ್ರಾಕ್ಷಿಯ ಪರಿಮಳವನ್ನು ಕೀಳೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕರಾವಳಿಯ ಸೆಕೆಗೆ ಕೆಂಪು ವೈನನ್ನೂ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. 16ರಿಂದ 18 ಡಿಗ್ರಿ ಸಾಕು. ತೆರೆದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಅಲ್ಲೇ ಇಟ್ಟು, ಮೂರು ದಿನದಲ್ಲಿ ಮುಗಿಸಿ.