ಸಮೀಕ್ಷೆಯಲ್ಲಿ ನಾಯಕ, ಮತಪತ್ರದಲ್ಲಿ ಅಭ್ಯರ್ಥಿ: ಬ್ರಿಟನ್ ಚುನಾವಣೆ ಬಗ್ಗೆ ಓದುಗರ ಪ್ರಶ್ನೆಗಳು

ಕಾಸರಗೋಡಿನ ಕಡೆಯಿಂದ ಓದಲು, ನರ್ಸಿಂಗ್ ಕೆಲಸಕ್ಕೆ ಬ್ರಿಟನ್ನಿಗೆ ಹೋದವರ ಮನೆಯವರು ಅಲ್ಲಿನ ರಾಜಕೀಯದ ಬಗ್ಗೆ ಕೇಳಿದ ಪ್ರಶ್ನೆಗಳು ಸಾಕಷ್ಟು ಸೇರಿದ್ದವು. ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಒಂದು ಸಮೀಕ್ಷೆಯಲ್ಲಿ ಪ್ರಧಾನಿಗೆ ‘ಮೈನಸ್’ ಅಂಕ. ಅದೇ ವಾರದ ಇನ್ನೊಂದರಲ್ಲಿ ‘ಉತ್ತಮ ಪ್ರಧಾನಿ ಯಾರು’ ಎಂದರೆ ಅವರೇ ಮುಂದೆ. ಯಾವುದನ್ನು ನಂಬುವುದು? (ಕುಂಬಳೆ)

ಎರಡನ್ನೂ ನಂಬಬಹುದು. ಕೇಳಿದ ಪ್ರಶ್ನೆಯೇ ಬೇರೆ ಬೇರೆ. ಇಪ್ಸೋಸ್ ಸಂಸ್ಥೆ ದಶಕಗಳಿಂದ ಕೇಳುತ್ತ ಬಂದದ್ದು, ಪ್ರಧಾನಿ ಕೆಲಸ ಮಾಡುತ್ತಿರುವ ರೀತಿ ನಿಮಗೆ ತೃಪ್ತಿಯೋ ಅತೃಪ್ತಿಯೋ ಎಂದು. ಯೂಗವ್ ಕೇಳುವುದರಲ್ಲಿ ಒಂದು, ಈ ವ್ಯಕ್ತಿಯ ಬಗ್ಗೆ ನಿಮ್ಮದು ಒಳ್ಳೆಯ ಅಭಿಪ್ರಾಯವೋ ಕೆಟ್ಟದ್ದೋ ಎಂದು. ಮೂರನೆಯ ಬಗೆಯಲ್ಲಿ ಇಬ್ಬರ ಹೆಸರು ಮುಂದಿಟ್ಟು ಯಾರಾದರೆ ವಾಸಿ ಎನ್ನುತ್ತಾರೆ. ಈ ಮೂರನೆಯದರಲ್ಲಿ ಕುರ್ಚಿಯಲ್ಲಿ ಕೂತವರಿಗೆ ಸಾಮಾನ್ಯವಾಗಿ ಸ್ವಲ್ಪ ಅನುಕೂಲ. ವಿರೋಧ ಪಕ್ಷದ ನಾಯಕರನ್ನು ಆ ಕುರ್ಚಿಯಲ್ಲಿ ಜನ ಇನ್ನೂ ನೋಡಿರುವುದಿಲ್ಲ, ‘ಗೊತ್ತಿಲ್ಲ’ ಎನ್ನುವವರು ಹೆಚ್ಚಾಗುತ್ತಾರೆ.

ಮೈನಸ್ ಬರುವುದು ಸರಳ ಕಳೆಯುವ ಲೆಕ್ಕದಿಂದ. ನೂರರಲ್ಲಿ 35 ಮಂದಿ ತೃಪ್ತರು, 50 ಮಂದಿ ಅತೃಪ್ತರು, 15 ಮಂದಿ ಏನೂ ಹೇಳಲಿಲ್ಲ ಎಂದಿಟ್ಟುಕೊಳ್ಳಿ. ನಿವ್ವಳ ಅಂಕ ಮೈನಸ್ 15. ಆದರೆ 5 ಮಂದಿ ತೃಪ್ತರು, 20 ಮಂದಿ ಅತೃಪ್ತರು, 75 ಮಂದಿಗೆ ಆ ಮನುಷ್ಯ ಯಾರೆಂದೇ ಗೊತ್ತಿಲ್ಲ ಎಂದರೂ ಮೈನಸ್ 15 ಅಂಕವೇ. ಮೊದಲನೆಯವರ ಬಗ್ಗೆ ಜನ ತೀರ್ಮಾನಕ್ಕೆ ಬಂದಾಗಿದೆ, ಎರಡನೆಯವರ ಬಗ್ಗೆ ಇನ್ನೂ ಬಂದಿಲ್ಲ. ಪತ್ರಿಕೆಯ ತಲೆಬರಹ ಮಾತ್ರ ಎರಡಕ್ಕೂ ಒಂದೇ.

ಸಾವಿರ ಮಂದಿಯನ್ನು ಕೇಳಿದ ಸಮೀಕ್ಷೆಯಲ್ಲಿ ಪ್ರತಿ ಅಂಕಿಯೂ ಸುಮಾರು 3 ಶೇಕಡಾಂಶ ಆಚೀಚೆ ಆಗಬಹುದು. ಎರಡು ಪಕ್ಷಗಳ ನಡುವಿನ ಅಂತರದಲ್ಲಿ ಆಗಬಹುದಾದ ತಪ್ಪು ಅದಕ್ಕಿಂತ ದೊಡ್ಡದು. ಹಾಗಾಗಿ ‘ಎರಡು ಅಂಶ ಏರಿಕೆ’ ಎಂಬ ಸುದ್ದಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಸಂಸ್ಥೆಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸದೆ, ಅದೇ ಸಂಸ್ಥೆ ಅದೇ ಪ್ರಶ್ನೆಗೆ ಹಿಂದಿನ ತಿಂಗಳು ಪಡೆದ ಉತ್ತರದ ಜೊತೆ ಹೋಲಿಸಿ. ಜನರನ್ನು ಕೇಳಿದ ದಿನಾಂಕ ನೋಡಿ, ಪ್ರಕಟವಾದ ದಿನಾಂಕವನ್ನಲ್ಲ. ಹೆಚ್ಚಿನ ಸಮೀಕ್ಷೆಗಳಲ್ಲಿ ಉತ್ತರ ಐರ್ಲೆಂಡ್ ಇರುವುದಿಲ್ಲ. ಅಲ್ಲಿನ 18 ಸ್ಥಾನಗಳಿಗೆ ಸ್ಪರ್ಧಿಸುವ ಪಕ್ಷಗಳೇ ಬೇರೆ. ಸಮೀಕ್ಷಾ ಸಂಸ್ಥೆಗಳ ಒಕ್ಕೂಟವಾದ ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯ ಸಂಸ್ಥೆಗಳು ತಮ್ಮ ಪೂರ್ಣ ಕೋಷ್ಟಕಗಳನ್ನು ಪ್ರಕಟಿಸಲೇಬೇಕು. ಸಂಶಯ ಬಂದರೆ ಅವನ್ನು ತೆರೆದು, ಅಂಕಿಗಿಂತ ಮೊದಲು ಪ್ರಶ್ನೆಯ ವಾಕ್ಯ ಓದಿ.

ನಾಯಕ ಜನಪ್ರಿಯನಾದರೆ ಪಕ್ಷ ಗೆಲ್ಲಲೇಬೇಕಲ್ಲವೇ? (ನೀರ್ಚಾಲು)

ಬೇಕಿಲ್ಲ. 1945ರಲ್ಲಿ ಯುದ್ಧ ಗೆಲ್ಲಿಸಿಕೊಟ್ಟ ಚರ್ಚಿಲ್ ಮೇಲೆ ಜನರಿಗೆ ಅಪಾರ ಅಭಿಮಾನವಿತ್ತು. ಚುನಾವಣೆಯಲ್ಲಿ ಅವರ ಕನ್ಸರ್ವೇಟಿವ್ ಪಕ್ಷ ಮಣ್ಣುಮುಕ್ಕಿತು, ಆಟ್ಲಿಯವರ ಲೇಬರ್ 393 ಸ್ಥಾನ ಗೆದ್ದಿತು. ಜನ ಯುದ್ಧದ ನಾಯಕನನ್ನು ಮೆಚ್ಚಿದರು, ಮನೆ, ಉದ್ಯೋಗ, ಆಸ್ಪತ್ರೆಯ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟರು. 1979ರಲ್ಲೂ ಯಾರು ಪ್ರಧಾನಿಯಾದರೆ ಒಳ್ಳೆಯದು ಎಂದು ಕೇಳಿದಾಗ ಆಗಿನ ಲೇಬರ್ ಪ್ರಧಾನಿ ಕ್ಯಾಲಹನ್ ಥ್ಯಾಚರ್‌ಗಿಂತ ಮುಂದಿದ್ದರು. ಆದರೆ ಹಿಂದಿನ ಚಳಿಗಾಲದ ಮುಷ್ಕರಗಳನ್ನು ಜನ ಮರೆತಿರಲಿಲ್ಲ, ಗೆದ್ದದ್ದು ಥ್ಯಾಚರ್ ಪಕ್ಷ. ಅಲ್ಲಿನ ಮತಪತ್ರದಲ್ಲಿ ಪ್ರಧಾನಿ ಅಭ್ಯರ್ಥಿಯ ಹೆಸರು ಅವರ ಸ್ವಂತ ಕ್ಷೇತ್ರದಲ್ಲಿ ಬಿಟ್ಟರೆ ಎಲ್ಲೂ ಇರುವುದಿಲ್ಲ, ನಮ್ಮಲ್ಲಿಯ ಹಾಗೆಯೇ.

ಪ್ರಚಾರದ ನಡುವೆ ಒಂದು ಎಡವಟ್ಟು ಮಾತು, ಒಂದು ಕೆಟ್ಟ ಫೋಟೋ ಚುನಾವಣೆಯನ್ನೇ ಕೆಡಿಸುತ್ತದೆ ಎನ್ನುತ್ತಾರೆ. ನಿಜವೇ? (ಮಂಜೇಶ್ವರ)

ಹೆಚ್ಚಾಗಿ ಇಲ್ಲ. ಜನರ ಮನಸ್ಸಿನಲ್ಲಿ ಮೊದಲೇ ಇದ್ದ ಸಂಶಯಕ್ಕೆ ಆ ಎಡವಟ್ಟು ಸಾಕ್ಷಿಯಾದರೆ ಮಾತ್ರ ಅಂಟಿಕೊಳ್ಳುತ್ತದೆ.

2010ರ ಏಪ್ರಿಲ್ 28ರಂದು ರೋಚ್‌ಡೇಲ್‌ನಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಒಬ್ಬ ವಯಸ್ಸಾದ ಮತದಾರಳ ಜೊತೆ ನಗುನಗುತ್ತ ಮಾತಾಡಿ ಕಾರು ಹತ್ತಿದರು. ಅಂಗಿಗೆ ಸಿಕ್ಕಿಸಿದ್ದ ಟಿವಿಯ ಮೈಕ್ ಇನ್ನೂ ಚಾಲೂ ಇತ್ತು. ಒಳಗೆ ಆಕೆಯನ್ನು ಬೈದದ್ದು ದೇಶಕ್ಕೆಲ್ಲ ಕೇಳಿಸಿತು. ಪತ್ರಿಕೆಗಳು ದಿನಗಟ್ಟಲೆ ಅದನ್ನೇ ಬರೆದವು. ಅಷ್ಟಾಗಿಯೂ ಅದೇ ರೋಚ್‌ಡೇಲ್‌ನಲ್ಲಿ ಗೆದ್ದದ್ದು ಲೇಬರ್ ಅಭ್ಯರ್ಥಿಯೇ. ದೇಶದ ಮಟ್ಟದಲ್ಲಿ ಲೇಬರ್ ಸೋಲಿಗೆ ಬೇರೆ ಕಾರಣಗಳಿದ್ದವು, ಹದಿಮೂರು ವರ್ಷದ ಆಡಳಿತ, 2008ರ ಆರ್ಥಿಕ ಕುಸಿತ.

ಆಗಿನ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ 2014ರಲ್ಲಿ ಬೇಕನ್ ಸ್ಯಾಂಡ್‌ವಿಚ್ ತಿನ್ನುವಾಗ ತೆಗೆದ ಫೋಟೋವನ್ನು ‘ದಿ ಸನ್’ ಪತ್ರಿಕೆ ಮರುವರ್ಷ ಮತದಾನದ ಹಿಂದಿನ ದಿನ ಮುಖಪುಟದಲ್ಲಿ ಹಾಕಿತು. ಬಾಯಿ ವಕ್ರವಾಗಿ ಕಂಡರೆ ಯಾರೂ ಮತ ಬದಲಿಸುವುದಿಲ್ಲ. ‘ಇವರು ಪ್ರಧಾನಿ ಹಾಗೆ ಕಾಣುವುದಿಲ್ಲ’ ಎಂಬ ಮಾತು ಮೊದಲೇ ಓಡಾಡುತ್ತಿತ್ತು, ಪತ್ರಿಕೆ ಅದಕ್ಕೆ ಚಿತ್ರ ಒದಗಿಸಿತು ಅಷ್ಟೆ.

ಪ್ರಚಾರದ ಅವಧಿಯಲ್ಲೇ ನಿಜವಾಗಿ ಲೆಕ್ಕ ತಲೆಕೆಳಗಾದದ್ದು 2017ರಲ್ಲಿ. ಕನ್ಸರ್ವೇಟಿವ್ ಪ್ರಧಾನಿ ತೆರೇಸಾ ಮೇ ಚುನಾವಣೆ ಘೋಷಿಸಿದಾಗ ಕೆಲವು ಸಮೀಕ್ಷೆಗಳಲ್ಲಿ ಅವರ ಪಕ್ಷ 20 ಅಂಶ ಮುಂದಿತ್ತು. ಪ್ರಚಾರವೆಲ್ಲ ‘ಗಟ್ಟಿ, ಸ್ಥಿರ ನಾಯಕತ್ವ’ ಎಂಬ ಒಂದೇ ಘೋಷಣೆಯ ಮೇಲೆ. ಮೇ 18ರ ಪ್ರಣಾಳಿಕೆಯಲ್ಲಿ ವೃದ್ಧರ ಆರೈಕೆಯ ಹೊಸ ಯೋಜನೆ ಬಂತು: ಮನೆಯಲ್ಲೇ ಆರೈಕೆ ಪಡೆಯುವವರ ಖರ್ಚಿಗೂ ಅವರ ಮನೆಯ ಬೆಲೆಯನ್ನು ಆಸ್ತಿಯಾಗಿ ಲೆಕ್ಕ ಹಿಡಿಯುವುದು, 1,00,000 ಪೌಂಡ್ ಮಾತ್ರ ಮುಟ್ಟದೆ ಉಳಿಸುವುದು. ಮರೆವಿನ ಕಾಯಿಲೆಯವರ ಮನೆಯೇ ಹೋಗುತ್ತದೆ ಎಂಬ ಭಯಕ್ಕೆ ವಿರೋಧಿಗಳು ‘ಡಿಮೆನ್ಷಿಯಾ ತೆರಿಗೆ’ ಎಂದು ಹೆಸರಿಟ್ಟರು. ಮನೆ ಮಾಡಿ ಮಕ್ಕಳಿಗೆ ಬಿಟ್ಟುಹೋಗುವ ಆಸೆ ಹೊತ್ತ ಹಿರಿಯರೇ ಕನ್ಸರ್ವೇಟಿವ್ ಪಕ್ಷದ ಬೆನ್ನೆಲುಬು. ಪೆಟ್ಟು ಬಿದ್ದದ್ದು ನೇರ ಅಲ್ಲಿಗೆ. ನಾಲ್ಕೇ ದಿನದಲ್ಲಿ ಖರ್ಚಿಗೆ ಮಿತಿ ಹಾಕುವುದಾಗಿ ಹೇಳಿ ಹಿಂದೆ ಸರಿದರು, ಜೊತೆಗೆ ‘ಏನೂ ಬದಲಾಗಿಲ್ಲ’ ಎಂದೂ ಸಾಧಿಸಿದರು. ಸ್ಥಿರತೆಯ ಹೆಸರಲ್ಲಿ ಮತ ಕೇಳುವವರು ವಾರ ಕಳೆಯುವ ಮೊದಲೇ ಮಾತು ಬದಲಿಸಿದರೆ ಘೋಷಣೆಯೇ ಅಣಕವಾಗುತ್ತದೆ. 330 ಸ್ಥಾನವಿದ್ದ ಪಕ್ಷ 317ಕ್ಕೆ ಇಳಿದು ಬಹುಮತ ಕಳೆದುಕೊಂಡಿತು. ಆರಂಭದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಕಾರ್ಬಿನ್ ಲೇಬರನ್ನು 40 ಶೇಕಡಕ್ಕೆ ಏರಿಸಿದ್ದರು.

ರಿಷಿ ಸುನಕ್ ವಿಷಯ ಇದಕ್ಕೆ ಉಲ್ಟಾ. 2024ರ ಮೇ 22ರಂದು ಮಳೆಯಲ್ಲಿ ನೆನೆಯುತ್ತ ಚುನಾವಣೆ ಘೋಷಿಸಿದರು, ಜೂನ್ 6ರಂದು ನಾರ್ಮಂಡಿಯ ಯುದ್ಧಸ್ಮರಣೆಯ ಕಾರ್ಯಕ್ರಮದಿಂದ ಬೇಗ ಎದ್ದು ಬಂದು ಮರುದಿನ ಕ್ಷಮೆ ಕೇಳಿದರು. ಚುನಾವಣೆ ಕೆಡಲು ಅವರಲ್ಲಿ ಉಳಿದಿದ್ದದ್ದೇ ಕಡಿಮೆ. ಸಮೀಕ್ಷೆಗಳಲ್ಲಿ ಪಕ್ಷ ಮೊದಲೇ ಸುಮಾರು 20 ಅಂಶ ಹಿಂದಿತ್ತು.

2024ರಲ್ಲಿ ಲೇಬರ್ 411 ಸ್ಥಾನ ಗೆದ್ದದ್ದು ಜನ ಮನಸೋತ ಲಕ್ಷಣವಲ್ಲವೇ? (ಬದಿಯಡ್ಕ)

650ರಲ್ಲಿ 411 ಹೌದು, ಆದರೆ ಮತ ಬಿದ್ದದ್ದು 33.7 ಶೇಕಡ. ಸುಮಾರು 97 ಲಕ್ಷ ಮತ. ಹೀನಾಯವಾಗಿ ಸೋತ 2019ರಲ್ಲೇ ಅವರಿಗೆ ಒಂದು ಕೋಟಿ ದಾಟಿತ್ತು! ಮತದಾನ ಪ್ರಮಾಣ 60 ಶೇಕಡವನ್ನೂ ಮುಟ್ಟಲಿಲ್ಲ. ಜನ ಕನ್ಸರ್ವೇಟಿವ್ ಪಕ್ಷವನ್ನು ಇಳಿಸಬೇಕೆಂದಿದ್ದರು, ಆ ಪಕ್ಷದ ಮತವನ್ನು ಬಲಪಂಥೀಯ ಪಕ್ಷ ರಿಫಾರ್ಮ್ ಯುಕೆ ಸೀಳಿತು. 14.3 ಶೇಕಡ ಮತಕ್ಕೆ ರಿಫಾರ್ಮ್‌ಗೆ 5 ಸ್ಥಾನ, 12.2 ಶೇಕಡ ಮತಕ್ಕೆ ಲಿಬರಲ್ ಡೆಮೊಕ್ರಾಟರಿಗೆ 72. ಒಂದರ ಮತ ದೇಶದ ಉದ್ದಗಲ ತೆಳ್ಳಗೆ ಹರಡಿತ್ತು, ಇನ್ನೊಂದು ಗೆಲ್ಲಬಹುದಾದ ಕ್ಷೇತ್ರಗಳನ್ನೇ ಆರಿಸಿ ದುಡಿದಿತ್ತು. ತಮಗೆ ಬೇಡವಾದವರನ್ನು ಸೋಲಿಸಲು ಎರಡನೆಯ ಇಷ್ಟದವರಿಗೆ ಮತ ಹಾಕುವ ಅಭ್ಯಾಸವೂ ಕೆಲಸ ಮಾಡಿತು. ತ್ರಿಕೋನ ಸ್ಪರ್ಧೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು 89 ಮತಗಳ ಮೇಲೆ. ಅಲ್ಲಿಯೂ 2024ರಲ್ಲಿ ಲಂಡನ್ನಿನ ಹೆಂಡನ್ 15 ಮತಗಳಲ್ಲಿ, 2017ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಈಸ್ಟ್ ಫೈಫ್ ಬರೇ 2 ಮತಗಳಲ್ಲಿ ತೀರ್ಮಾನವಾಯಿತು.

ಅಲ್ಲಿಯೂ ಮನೆಮನೆಗೆ ಬಂದು ಮತ ಕೇಳುತ್ತಾರೆಯೇ? (ಪೈವಳಿಕೆ)

ಬರುತ್ತಾರೆ, ಆದರೆ ಮುಖ್ಯ ಉದ್ದೇಶ ಮನ ಒಲಿಸುವುದಲ್ಲ, ಗುರುತು ಹಾಕಿಕೊಳ್ಳುವುದು. ಕಾರ್ಯಕರ್ತರ ಕೈಯಲ್ಲಿ ಬೀದಿಯ ಮತದಾರರ ಪಟ್ಟಿ, ಈಗ ಹೆಚ್ಚಾಗಿ ಮೊಬೈಲ್ ಆ್ಯಪ್. ನಮ್ಮವರು, ಎದುರಾಳಿ, ಇನ್ನೂ ತೀರ್ಮಾನಿಸದವರು ಎಂದು ಒಂದೊಂದು ಹೆಸರಿನ ಮುಂದೆ ಗುರುತು. ವಾದಕ್ಕೆ ನಿಂತವರ ಬಾಗಿಲಲ್ಲಿ ಹೊತ್ತು ಕಳೆಯಬಾರದು ಎಂಬುದು ಮೊದಲ ಪಾಠ. ಮತದಾನದ ದಿನ ಪಕ್ಷದವರು ಮತಗಟ್ಟೆಯ ಹೊರಗೆ ನಿಂತು ಮತದಾರರ ಕ್ರಮಸಂಖ್ಯೆ ಕೇಳಿ ಬರೆದುಕೊಳ್ಳುತ್ತಾರೆ. ಸಂಜೆಗೆ, ‘ನಮ್ಮವರು’ ಎಂದು ಗುರುತಿಸಿಯೂ ಇನ್ನೂ ಬಾರದವರ ಬಾಗಿಲು ತಟ್ಟುತ್ತಾರೆ. ಆ ಸಂಖ್ಯೆ ಹೇಳಲೇಬೇಕೆಂದಿಲ್ಲ.

ಕರಪತ್ರದ ಸ್ತಂಭಚಿತ್ರಗಳನ್ನು ಮಾತ್ರ ಅಳತೆಪಟ್ಟಿ ಹಿಡಿದೇ ನೋಡಬೇಕು. ‘ಇಲ್ಲಿ ಸ್ಪರ್ಧೆ ಇಬ್ಬರ ನಡುವೆ ಮಾತ್ರ’ ಎಂದು ತೋರಿಸಲು ಮೂರನೆಯವರ ಕಂಬವನ್ನು ಗಿಡ್ಡ ಮಾಡುವುದುಂಟು. ಕೆಲವೊಮ್ಮೆ ಅಂಕಿ ಲೋಕಸಭೆಯಂಥ ಸಾರ್ವತ್ರಿಕ ಚುನಾವಣೆಯದೇ ಅಲ್ಲ, ಸ್ಥಳೀಯ ಕೌನ್ಸಿಲ್‌ನದು.

ರಾಜಕಾರಣಿಗಳನ್ನು ಅಲ್ಲಿನ ಜನ ನಮಗಿಂತ ಹೆಚ್ಚು ನಂಬುತ್ತಾರೆಯೇ? (ಮುಳ್ಳೇರಿಯ)

ಇಪ್ಸೋಸ್ 1983ರಿಂದ ‘ಯಾವ ವೃತ್ತಿಯವರು ನಿಜ ಹೇಳುತ್ತಾರೆ’ ಎಂದು ಕೇಳುತ್ತಿದೆ. 2023ರಲ್ಲಿ ರಾಜಕಾರಣಿಗಳನ್ನು ನಂಬುತ್ತೇವೆ ಎಂದವರು 9 ಶೇಕಡ. ಪಟ್ಟಿಯ ಮೇಲ್ತುದಿಯಲ್ಲಿ ಇದ್ದವರು ನರ್ಸ್‌ಗಳು, 88 ಶೇಕಡ.

ಎಕ್ಸಿಟ್ ಪೋಲ್ ಅಲ್ಲಿ ಅಷ್ಟು ಸರಿ ಬರುವುದು ಹೇಗೆ? (ಉಪ್ಪಳ)

ಬಿಬಿಸಿ, ಐಟಿವಿ, ಸ್ಕೈ ಮೂವರೂ ಸೇರಿ ಒಂದನ್ನೇ ಮಾಡಿಸುತ್ತಾರೆ. ಸುಮಾರು 130 ಮತಗಟ್ಟೆಗಳ ಬಾಗಿಲಲ್ಲಿ 20,000ದಷ್ಟು ಮಂದಿಗೆ ನಕಲಿ ಮತಪತ್ರ ಕೊಟ್ಟು, ಮತ ಹಾಕಿದ ಹಾಗೆಯೇ ಗುರುತು ಮಾಡಿಸಿ ಪೆಟ್ಟಿಗೆಗೆ ಹಾಕಿಸುತ್ತಾರೆ. ಬಾಯಿಬಿಟ್ಟು ಹೇಳಬೇಕಾಗಿಲ್ಲವಾದ್ದರಿಂದ ನಾಚಿಕೆಗೆ ಸುಳ್ಳು ಹೇಳುವುದು ಕಡಿಮೆ. ಗುಟ್ಟು ಇರುವುದು ಮತಗಟ್ಟೆಗಳ ಆಯ್ಕೆಯಲ್ಲಿ: ಆದಷ್ಟೂ ಹಿಂದಿನ ಸಲದ ಜಾಗಗಳಿಗೇ ಹೋಗಿ, ಅಲ್ಲಿ ಎಷ್ಟು ಬದಲಾಗಿದೆ ಎಂದು ಅಳೆಯುತ್ತಾರೆ. ರಾತ್ರಿ 10ಕ್ಕೆ ಮತದಾನ ಮುಗಿಯುವವರೆಗೆ ಪ್ರಕಟಿಸುವುದು ಅಪರಾಧ. 2019ರಲ್ಲಿ ಕನ್ಸರ್ವೇಟಿವ್‌ಗೆ 368 ಎಂದರು, ಬಂದದ್ದು 365. 2024ರಲ್ಲಿ ರಿಫಾರ್ಮ್‌ಗೆ 13 ಎಂದದ್ದು 5 ಆಯಿತು. ಹೊಸ ಪಕ್ಷಕ್ಕೆ ಹಿಂದಿನ ಲೆಕ್ಕ ಇರುವುದಿಲ್ಲ, ತಪ್ಪುವುದು ಅಲ್ಲೇ.

ಮಗಳು ಲೀಡ್ಸ್‌ನಲ್ಲಿ ನರ್ಸ್, ಭಾರತದ ಪಾಸ್‌ಪೋರ್ಟ್. ಅವಳು ಅಲ್ಲಿ ಮತ ಹಾಕಬಹುದೇ? (ಪೆರ್ಲ)

ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶ. 18 ತುಂಬಿ, ಅಲ್ಲಿ ವಾಸವಿದ್ದು, ಊರ್ಜಿತ ವೀಸಾ ಇದ್ದರೆ ಸಂಸತ್ ಚುನಾವಣೆಗೂ ಮತದಾನದ ಹಕ್ಕಿದೆ. ವಿದ್ಯಾರ್ಥಿಗಳಿಗೂ ಅಷ್ಟೆ. ಬಹಳ ಮಂದಿಗೆ ಇದು ಗೊತ್ತಿಲ್ಲ, ಪೌರತ್ವ ಸಿಕ್ಕಿದ ಮೇಲೆಯೇ ಎಂದುಕೊಂಡಿರುತ್ತಾರೆ.

ಸರ್ಕಾರದ ಜಾಲತಾಣದಲ್ಲಿ ನೋಂದಣಿ ಉಚಿತ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿರಲಿ. ಮತದಾನಕ್ಕೆ 12 ಕೆಲಸದ ದಿನ ಮೊದಲು ಮುಗಿಸಬೇಕು. ಮನೆ ಬದಲಿಸಿದರೆ ಮತ್ತೆ ನೋಂದಣಿ. ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ: ಇನಿಷಿಯಲ್ ಬಿಡಿಸಿದ್ದು, ಮನೆತನದ ಹೆಸರು ಹಿಂದುಮುಂದಾದದ್ದು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಯಲಿ. ಮತಗಟ್ಟೆಗೆ ಫೋಟೋ ಇರುವ ಗುರುತುಪತ್ರ ಕಡ್ಡಾಯ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮೊಬೈಲಿನಲ್ಲಿನ ಫೋಟೋ ನಡೆಯುವುದಿಲ್ಲ, ಅಸಲು ಪುಸ್ತಕವೇ ಬೇಕು. ಯಂತ್ರವಿಲ್ಲ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಬ್ಬರ ಮುಂದೆ ಗುಣಾಕಾರದ ಗುರುತು.

ಪಾಳಿ ಕೆಲಸದಿಂದ ಹೋಗಲು ಆಗದಿದ್ದರೆ 11 ಕೆಲಸದ ದಿನ ಮೊದಲು, ಸಂಜೆ 5ರೊಳಗೆ ಅಂಚೆಮತಕ್ಕೆ ಅರ್ಜಿ ಹಾಕಲಿ. ಲಕೋಟೆಯೊಳಗಿನ ಹೇಳಿಕೆಯಲ್ಲಿ ಸಹಿ, ಹುಟ್ಟಿದ ದಿನಾಂಕ ಎರಡೂ ಅರ್ಜಿಯಲ್ಲಿದ್ದ ಹಾಗೆಯೇ ಇರಬೇಕು. ಆ ದಿನದ ತಾರೀಕನ್ನು ಹುಟ್ಟಿದ ದಿನಾಂಕದ ಜಾಗದಲ್ಲಿ ಬರೆದರೆ ಮತ ತಿರಸ್ಕೃತ.