ಕಳಿಸುವುದೇ ಬೇಡ ಅನ್ನಿಸಿದಾಗ

ಪ್ರಶ್ನೆ: ನಾನು ರಾಜಾಜಿನಗರದ ತವರಿನಲ್ಲಿದ್ದೇನೆ, ಗಂಡ ವೈಟ್‌ಫೀಲ್ಡ್‌ನಲ್ಲಿ. ಬೇರೆಯಾಗಿ ಒಂದೂವರೆ ವರ್ಷವಾಯಿತು, ಡೈವೋರ್ಸ್ ಕೇಸು ನಡೆಯುತ್ತಿದೆ. ಎಂಟು ವರ್ಷದ ಮಗ ನನ್ನ ಜೊತೆಗಿದ್ದಾನೆ. ಮಧ್ಯಂತರ ಆದೇಶದ ಪ್ರಕಾರ ವಾರಾಂತ್ಯ ಅಪ್ಪನ ಮನೆ. ಶನಿವಾರ ಅವರು ಬಂದರೆ ಸಾಕು, ಗೇಟಿನಲ್ಲೇ ಫೀಸು, ಟ್ಯೂಷನ್ ಅಂತ ಜಗಳ. ಈಗ ಶುಕ್ರವಾರ ರಾತ್ರಿಯಾದರೆ ಮಗ ಹೊಟ್ಟೆ ನೋವು ಅನ್ನುತ್ತಾನೆ. ಇನ್ನು ಕಳಿಸುವುದೇ ಬೇಡ ಅನ್ನಿಸಿದೆ. ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೂ ಇಬ್ಬರೂ ಹೋಗಬೇಕಾ?

ಉತ್ತರ: ಕಳಿಸುವುದನ್ನು ನಿಲ್ಲಿಸಬೇಡಿ. ಆದೇಶ ಇರುವಾಗ ನೀವಾಗಿ ತಡೆದರೆ ನಾಳೆ ಕೋರ್ಟಿನಲ್ಲಿ ಅದು ನಿಮ್ಮ ವಿರುದ್ಧವೇ ಬರಬಹುದು. ಹೊಟ್ಟೆ ನೋವನ್ನು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲೇನೂ ಸಿಗದಿದ್ದರೆ ನನ್ನ ಅನುಮಾನ ಗೇಟಿನ ಮೇಲೆ. ಅವನಿಗೆ ಅಪ್ಪನ ಮನೆ ಬೇಡವಾಗಿದೆ ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಒಂದು ಮಾತು: ಅಲ್ಲಿ ಹೊಡೆತ, ಕುಡಿತ, ಹೆದರಿಕೆ ಇದೆ ಅಂದರೆ ವಿಷಯವೇ ಬೇರೆ. ಆಗ ತಡಮಾಡದೆ ವಕೀಲರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098 ಇದೆ.

ಗೇಟಿನ ಜಗಳ ತಪ್ಪಿಸುವ ಸುಲಭ ದಾರಿ, ಆ ಗೇಟನ್ನೇ ಬಿಡುವುದು. ಶುಕ್ರವಾರ ಅವರೇ ಸ್ಕೂಲಿನಿಂದ ಕರೆದುಕೊಂಡು ಹೋಗಲಿ, ಸೋಮವಾರ ಅವರೇ ಸ್ಕೂಲಿಗೆ ಬಿಡಲಿ. ನೀವಿಬ್ಬರೂ ಮುಖಾಮುಖಿ ಆಗುವುದೇ ಇಲ್ಲ. ಇಬ್ಬರೂ ಒಪ್ಪಿದರೆ ವಕೀಲರ ಮೂಲಕ ಕೋರ್ಟಿಗೆ ತಿಳಿಸಿ ಸಮಯ ಬದಲಿಸಿಕೊಳ್ಳಬಹುದು. ಸ್ಕೂಲಿಗೂ ಬರೆದುಕೊಡಿ. ಅದಾಗದಿದ್ದರೆ ಕಬ್ಬನ್ ಪಾರ್ಕಿನ ಬಾಲಭವನದ ಹತ್ತಿರ ಭೇಟಿಯಾಗಿ. ಇಬ್ಬರಿಗೂ ಮೆಟ್ರೋ ಇದೆ, ಜನರ ನಡುವೆ ದನಿ ಏರುವುದೂ ಕಡಿಮೆ.

ದುಡ್ಡಿನ ಮಾತು ವಾಟ್ಸಾಪಿನಲ್ಲಿ ಮಾತ್ರ ಇರಲಿ. ‘ನಿಮ್ಮ ಮಗನ ಫೀಸು ನೆನಪಿದೆಯಾ, ಅದನ್ನೂ ನಾನೇ ಕಟ್ಟಬೇಕಾ?’ ಅಂತ ಬರೆದರೆ ಮತ್ತೊಂದು ಜಗಳ ಬರುತ್ತದೆ, ಫೀಸು ಬರುವುದಿಲ್ಲ. ‘ಎರಡನೇ ಟರ್ಮ್ ಫೀಸು 10ನೇ ತಾರೀಕಿನೊಳಗೆ ಕಟ್ಟಬೇಕು. ನಿಮ್ಮ ಪಾಲು ಯಾವತ್ತು ಹಾಕ್ತೀರಾ?’ ಅಷ್ಟೇ ಸಾಕು. ಅವರು ಕೆಣಕಿ ಬರೆದರೂ ಫೀಸಿನ ಭಾಗಕ್ಕೆ ಮಾತ್ರ ಉತ್ತರ ಕೊಡಿ. ಬೆರಳು ಕೆರೆಯುತ್ತೆ, ಗೊತ್ತು. ಫೋನ್ ಕೆಳಗಿಟ್ಟು ಬೆಳಿಗ್ಗೆ ಬರೆಯಿರಿ.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ತವರಿನಲ್ಲಿದ್ದೀರಿ. ವಾಪಸ್ ಬಂದ ಮಗು ಚಪ್ಪಲಿ ಬಿಡುವ ಮೊದಲೇ ‘ಅಲ್ಲಿ ಏನು ತಿಂದೆ, ಯಾರು ಬಂದಿದ್ರು, ನಮ್ಮ ಬಗ್ಗೆ ಏನಂದ್ರು’ ಅಂತ ಅಜ್ಜಿ ಶುರು ಮಾಡುತ್ತಾರಾ? ಬಹಳ ಮನೆಗಳಲ್ಲಿ ನಡೆಯುವ ಕಥೆ ಇದು. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಮಗು ಎರಡು ಮನೆಗೂ ಸಾಕ್ಷಿ ಹೇಳುವವನಾಗುತ್ತಾನೆ. ನಿಮ್ಮ ಅಮ್ಮನಿಗೆ ಬಿಡಿಸಿ ಹೇಳಿ. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ‘ಅಪ್ಪ ಪಾರ್ಕಿಗೆ ಕರ್ಕೊಂಡು ಹೋದ್ರು’ ಅಂದರೆ ‘ಚೆನ್ನಾಗಿತ್ತಾ?’ ಅನ್ನಿ. ಆಡಲು ಹೋಗಲಿ. ಕೇಸಿನ ಮಾತು ಅವನ ಕಿವಿಗೆ ಬೀಳುವುದೇ ಬೇಡ. ಪಾಲನೆಯ ಪ್ರಶ್ನೆ ಬಂದಾಗ ಜಡ್ಜ್ ಮಕ್ಕಳ ಜೊತೆ ನೇರವಾಗಿ ಮಾತಾಡುವುದುಂಟು. ಹೇಳಿಕೊಟ್ಟ ಮಾತು ಅಲ್ಲಿ ಗೊತ್ತಾಗಿಬಿಡುತ್ತದೆ.

ದಸರಾ ರಜೆ, ದೀಪಾವಳಿ, ಹುಟ್ಟುಹಬ್ಬ ಯಾರ ಮನೆಯಲ್ಲಿ ಅನ್ನುವುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಹಬ್ಬದ ಹಿಂದಿನ ದಿನ ಚೌಕಾಸಿ ಬೇಡ. ನೀವಿಬ್ಬರೇ ಕೂತರೆ ಮಾತು ಮುರಿಯುತ್ತೆ ಅನ್ನುವುದಾದರೆ ಮಧ್ಯಸ್ಥಿಕೆಗೆ ಕಳಿಸಿ ಅಂತ ವಕೀಲರ ಮೂಲಕ ಕೋರ್ಟನ್ನು ಕೇಳಿ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ರಾಜಿಯಾಗಿ ಒಂದೇ ಮನೆಯಲ್ಲಿರಿ ಅಂತಲೇ ಒತ್ತಾಯಿಸುತ್ತಾರೆ ಅನ್ನುವ ಭಯ ಬಿಡಿ. ರಜೆ, ಖರ್ಚು, ಭೇಟಿ ಇಷ್ಟನ್ನೇ ಕೂತು ತೀರ್ಮಾನಿಸಿಕೊಳ್ಳಬಹುದು.

ಮೀಟಿಂಗಿಗೆ ಇಬ್ಬರೂ ಹೋಗಿ. ಹದಿನೈದು ನಿಮಿಷ ಪಕ್ಕಪಕ್ಕ ಕೂರಲು ಆಗದಿದ್ದರೆ ಮಿಸ್‌ಗೆ ಹೇಳಿ ಬೇರೆ ಬೇರೆ ಟೈಮ್ ತಗೊಳ್ಳಿ. ಪಾಪ, ಅವರಿಗೂ ಅದೇ ಅನುಕೂಲ.