ಸಂಪಾದಕರ ಉತ್ತರ: ಕುದಿಸಿದರೂ ಹೋಗದ ವಿಷ

ಮುಂಬಯಿಯ ಭಾಂಡುಪ್‌ನಿಂದ ಪತ್ರ ಬರೆದ ಅಮ್ಮನವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ತಿರುಳನ್ನಷ್ಟೇ ಹೇಳುತ್ತೇನೆ. ನಮ್ಮ ಮಳೆಗಾಲದ ಆರೋಗ್ಯ ಪುಟದಲ್ಲಿ "ಎಂಥ ನೀರೇ ಆಗಲಿ, ಚೆನ್ನಾಗಿ ಕುದಿಸಿ ಆರಿಸಿದರೆ ಕುಡಿಯಬಹುದು" ಎಂದು ಅಚ್ಚಾಗಿತ್ತು. ನೀವು ಅದನ್ನು ಕತ್ತರಿಸಿ ಅಡುಗೆಮನೆಯ ಕಪಾಟಿಗೆ ಅಂಟಿಸಿದಿರಿ. ಫೋಟೊ ತೆಗೆದು, ಕೀನ್ಯಾದಲ್ಲಿ ವಿಕ್ಟೋರಿಯಾ ಸರೋವರದ ದಂಡೆಯ ಕಿಸುಮುವಿನಲ್ಲಿ ಸಂಸಾರ ಹೂಡಿರುವ ಮಗಳಿಗೂ ವಾಟ್ಸಾಪ್ ಮಾಡಿದಿರಿ. ಅವಳು "ಅಮ್ಮಾ, ಇಲ್ಲಿ ಸರೋವರದ ದಂಡೆಯೆಲ್ಲ ಹಸಿರು ಬಣ್ಣ ಕದಡಿದ ಹಾಗಾಗಿದೆ. ಈ ನೀರನ್ನು ಕುದಿಸಿದರೂ ಪ್ರಯೋಜನವಿಲ್ಲ ಅಂತಾರೆ" ಎಂದಳಂತೆ. ಯಾರ ಮಾತು ಸರಿ ಎಂದು ಕೇಳಿದ್ದೀರಿ. ಊರಿನಲ್ಲಿ ಕೆರೆಯ ಹಾವಸೆಯನ್ನು ಕೈಯಿಂದ ಸರಿಸಿ ಕೊಡ ತುಂಬಿಸಿಕೊಂಡವರು ನಾವು, ನಮಗೆ ಏನೂ ಆಗಲಿಲ್ಲ, ಅಲ್ಲಿಯ ಹಾವಸೆಗೆ ಮಾತ್ರ ಯಾಕಿಷ್ಟು ಭಯ ಎಂದೂ ಕೇಳಿದ್ದೀರಿ.

ಮಗಳ ಮಾತು ಸರಿ. ನಾವು ಬರೆದದ್ದು ತಪ್ಪು. "ಎಂಥ ನೀರೇ ಆಗಲಿ" ಎಂಬ ಮೂರು ಪದಗಳು ಅಲ್ಲಿ ಇರಬಾರದಿತ್ತು. ಆ ಪುಟವನ್ನು ಕೊನೆಯ ಸಲ ಓದಿ ಅಚ್ಚಿಗೆ ಬಿಟ್ಟವನು ನಾನು. ನಿಮ್ಮಲ್ಲೂ ನಿಮ್ಮ ಮಗಳಲ್ಲೂ ಕ್ಷಮೆ ಕೇಳುತ್ತೇನೆ.

ಕುದಿಸಿದರೆ ಸಾಯುವುದು ರೋಗಾಣು. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ವೈರಸ್ಸು ಇವಕ್ಕೆಲ್ಲ ಅದು ಸರಿಯಾದ ಮದ್ದು. ಮುಂಬಯಿಯ ಮಳೆಗಾಲದಲ್ಲಿ ನೀವು ನಳದ ನೀರನ್ನು ಕುದಿಸುತ್ತಿದ್ದರೆ ದಯವಿಟ್ಟು ಅದನ್ನು ಬಿಡಬೇಡಿ. ಆದರೆ ಕಿಸುಮುವಿನ ಆ ಹಸಿರಿನಲ್ಲಿ ಜೀವಾಣುವಿನ ಜೊತೆಗೆ ಅದು ತಯಾರಿಸಿದ ವಿಷವೂ ಇರಬಹುದು. ಅದರಲ್ಲಿ ಮುಖ್ಯವಾದದ್ದು ಮೈಕ್ರೋಸಿಸ್ಟಿನ್, ನೇರವಾಗಿ ಲಿವರ್‌ಗೆ ಹೊಡೆತ ಕೊಡುವಂಥದ್ದು. ಒಲೆಯ ಬೆಂಕಿಗೆ ಇದು ಬಗ್ಗುವುದಿಲ್ಲ. ಬಿಸಿಗೆ ಜೀವಕೋಶಗಳು ಒಡೆದು, ಅಲ್ಲಿಯತನಕ ಅವುಗಳ ಹೊಟ್ಟೆಯಲ್ಲಿದ್ದ ವಿಷವೂ ನೀರಿಗೆ ಇಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ವಿಷ ಹೋಗುವುದಿಲ್ಲ. ಸಾರು ಬತ್ತಿದಷ್ಟೂ ಉಪ್ಪು ಏರುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಇನ್ನು ನಿಮ್ಮ ಊರಿನ ಹಾವಸೆ. ಕೈಯಲ್ಲಿ ಎತ್ತಿದರೆ ಕೂದಲಿನಂತೆ ಜೋತು ಬೀಳುವ ಪಾಚಿ ನಮ್ಮ ಕೆರೆಗಳಲ್ಲಿ ಸಾಮಾನ್ಯ, ಅದರಿಂದ ಇಂಥ ಅಪಾಯವಿಲ್ಲ. ಕಿಸುಮುವಿನದು ನೀಲಿ-ಹಸಿರು ಪಾಚಿ. ಪಾಚಿ ಎಂದು ಕರೆಯುವುದು ರೂಢಿ ಅಷ್ಟೆ, ಜಾತಿಯಲ್ಲಿ ಅದು ಬ್ಯಾಕ್ಟೀರಿಯಾ: ಸಯನೋಬ್ಯಾಕ್ಟೀರಿಯಾ. ಅವುಗಳಲ್ಲಿ ಹಲವಕ್ಕೆ ಮೈಯೊಳಗೆ ಗಾಳಿಯ ಸಣ್ಣ ಚೀಲಗಳಿರುತ್ತವೆ. ಗಾಳಿ ಬೀಸದ ದಿನ ಅವು ಮೇಲಕ್ಕೆ ತೇಲಿ ಬಿಸಿಲು ಹಿಡಿಯುತ್ತವೆ, ಅಲೆ ಅವನ್ನು ದಂಡೆಗೆ ತಂದು ಕೆನೆಗಟ್ಟಿಸುತ್ತದೆ. ಮಗಳಿಗೆ ಹೇಳಿ, ಒಂದು ಉದ್ದ ಕೋಲಿನಿಂದ ಎತ್ತಿ ನೋಡಲಿ. ಎಳೆ ಎಳೆಯಾಗಿ ಬಂದರೆ ಮಾಮೂಲಿ ಪಾಚಿ. ಬಣ್ಣದ ಡಬ್ಬಿಯಲ್ಲಿ ಅದ್ದಿದ ಹಾಗೆ ಕೋಲಿಗೆ ಮೆತ್ತಿಕೊಂಡರೆ ಅಲ್ಲಿಂದ ದೂರ ಇರಬೇಕು. ಇದರಿಂದ ಗುಮಾನಿ ಮಾತ್ರ ಹುಟ್ಟುತ್ತದೆ. ವಿಷ ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಪ್ರಯೋಗಾಲಯವೊಂದೇ. 1878ರಲ್ಲಿ ಜಾರ್ಜ್ ಫ್ರಾನ್ಸಿಸ್ ಎಂಬವರು ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ನೀರು ಕುಡಿದು ದನ, ಕುರಿ, ಕುದುರೆಗಳು ಸತ್ತದ್ದನ್ನು ವಿಜ್ಞಾನ ಪತ್ರಿಕೆಗೆ ಬರೆದು ತಿಳಿಸಿದಾಗ, ಆ ಕೆನೆಯನ್ನು ಹೋಲಿಸಿದ್ದೂ ಹಸಿರು ಎಣ್ಣೆಬಣ್ಣಕ್ಕೇ. ನಿಮ್ಮ ಮಗಳ ಬಾಯಿಂದ ಅದೇ ಹೋಲಿಕೆ ಬಂದದ್ದನ್ನು ಓದಿ ನನಗೆ ಕಳವಳವಾಯಿತು.

"ಅಷ್ಟು ದೊಡ್ಡ ಸರೋವರ, ಎಲ್ಲ ತೊಳೆದು ಹೋಗುವುದಿಲ್ಲವೇ?" ಎಂದಿದ್ದೀರಿ. ವಿಕ್ಟೋರಿಯಾ ಸರೋವರ ದೊಡ್ಡದು, ನಿಜ: ಸುಮಾರು 68,800 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಹೆಚ್ಚು, ಗೋವಾದಂಥ ಹದಿನೆಂಟು ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ಉಷ್ಣವಲಯದಲ್ಲಿ ಅದಕ್ಕಿಂತ ದೊಡ್ಡ ಸರೋವರ ಇನ್ನೊಂದಿಲ್ಲ. ಆದರೆ ಸರಾಸರಿ ಆಳ 40 ಮೀಟರ್ ಮಾತ್ರ. ಪರಾತದ ಹಾಗೆ ಅಗಲ. ಅದಕ್ಕೆ ಬರುವ ನೀರಿನ ಬಹುಪಾಲು ಆಕಾಶದಿಂದ ನೇರ ಬಿದ್ದ ಮಳೆ, ಹೋಗುವ ನೀರಿನ ಬಹುಪಾಲು ಬಿಸಿಲಿಗೆ ಆವಿ. ಉಗಾಂಡದ ಜಿಂಜಾದಲ್ಲಿ ನೈಲ್ ನದಿಯಾಗಿ ಹೊರಗೆ ಹರಿಯುವುದು ಸಣ್ಣ ಪಾಲು. ಅಂದರೆ ಆ ಸರೋವರವೂ ಒಲೆಯ ಮೇಲಿಟ್ಟ ಪಾತ್ರೆಯಂತೆಯೇ. ನೀರು ಹೋಗುತ್ತದೆ, ದಂಡೆಯಿಂದ ಬಂದು ಸೇರಿದ್ದು ಉಳಿಯುತ್ತದೆ.

ಹಾಗೆ ಉಳಿಯುವುದರಲ್ಲಿ ಮುಖ್ಯವಾದದ್ದು ರಂಜಕ. ನಮ್ಮ ಗೊಬ್ಬರದ ಚೀಲದಲ್ಲಿ, ಮಲಮೂತ್ರದಲ್ಲಿ, ಕೊಚ್ಚಿಹೋದ ಮೇಲ್ಮಣ್ಣಿನಲ್ಲಿ, ಕಾಡು-ಹೊಲ ಸುಟ್ಟ ಬೂದಿಯಲ್ಲಿ ಇರುವ ಅದೇ ರಂಜಕ. 1973ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ವಿಜ್ಞಾನಿಗಳು ಒಂದು ಸಣ್ಣ ಸರೋವರಕ್ಕೆ ನಡುವೆ ಪರದೆ ಕಟ್ಟಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಕಡೆಯ ನೀರು ಮಾತ್ರ ಗಾಢ ಹಸಿರಾಯಿತು. ವಿಮಾನದಿಂದ ತೆಗೆದ ಆ ಚಿತ್ರ ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ.

ವಿಕ್ಟೋರಿಯಾದ ತಳದ ಕೆಸರಿನಲ್ಲಿ ಅದರ ಚರಿತ್ರೆ ಪದರ ಪದರವಾಗಿ ಕುಳಿತಿದೆ. ನಮ್ಮ ದೇಶದ ಸಾವಿರಾರು ಕೂಲಿಗಳು ಹಾಸಿದ ರೈಲುಹಳಿ ಮೊಂಬಾಸಾದಿಂದ ಹೊರಟು 1901ರಲ್ಲಿ ಸರೋವರದ ದಂಡೆ ಮುಟ್ಟಿತು. ಆ ದಂಡೆಯೇ ಈಗಿನ ಕಿಸುಮು. ಆಮೇಲೆ ಕಾಡು ಕಡಿದರು, ಹೊಲ ಎದ್ದಿತು, ಜನ ಹೆಚ್ಚಿದರು, ಕೊಳೆಯನ್ನು ಸೋಸುತ್ತಿದ್ದ ದಂಡೆಯ ಜೊಂಡುಗಾಡು ಕರಗಿತು. ಪಾಚಿಯ ಬೆಳೆ ಹೆಚ್ಚುತ್ತ ಬಂದದ್ದು ಈ ಬದಲಾವಣೆಯ ಬೆನ್ನಿಗೇ ಎಂದು ಆ ಪದರಗಳು ಹೇಳುತ್ತವೆ. 1960ರ ದಶಕದಲ್ಲೂ ಅಲ್ಲಿ ಡಯಾಟಮ್ ಎಂಬ ಗಾಜಿನಂಥ ಚಿಪ್ಪಿನ, ನಿರುಪದ್ರವಿ ಪಾಚಿ ಧಾರಾಳವಾಗಿತ್ತು. 1980ರ ದಶಕದ ಹೊತ್ತಿಗೆ ನೀಲಿ-ಹಸಿರು ಪಾಚಿಯದೇ ರಾಜ್ಯ. 1950ರ ದಶಕದಲ್ಲಿ ತಂದು ಬಿಟ್ಟ ನೈಲ್ ಪರ್ಚ್ ಮೀನು ಅಲ್ಲಿಯ ನೂರಾರು ಬಗೆಯ ಸಣ್ಣ ಮೀನುಗಳನ್ನು ಮುಗಿಸಿತು; ಅವುಗಳಲ್ಲಿ ಪಾಚಿ ತಿನ್ನುವವೂ ಇದ್ದವು. ಕಿಸುಮು ಇರುವುದಂತೂ ವಿನಾಮ್ ಕೊಲ್ಲಿಯ ಮೂಲೆಯಲ್ಲಿ. ಆ ಕೊಲ್ಲಿ ಆಳವಿಲ್ಲದ್ದು, ದೊಡ್ಡ ಸರೋವರಕ್ಕೆ ಇಕ್ಕಟ್ಟಾದ ಬಾಯಿಯಿಂದ ಸೇರಿದ್ದು. ಹೊಳೆಗಳು ತಂದ ಹೊಲದ ಮಣ್ಣು, ಪಟ್ಟಣದ ಕೊಳಚೆ ಎರಡೂ ಅಲ್ಲೇ ಸುತ್ತುತ್ತಿರುತ್ತವೆ.

ಹೆದರಿಸಲು ಹೇಳುತ್ತಿಲ್ಲ, ಆದರೆ ಇದನ್ನು ಮುಚ್ಚಿಟ್ಟರೂ ತಪ್ಪಾಗುತ್ತದೆ. 1996ರಲ್ಲಿ ಬ್ರೆಜಿಲಿನ ಕರುವಾರು ಎಂಬ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ಜಲಾಶಯದ ಇಂಥದೇ ನೀರಿನ ವಿಷ ರೋಗಿಗಳ ರಕ್ತಕ್ಕೆ ಸೇರಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಮಿತಿ ಹಾಕಿತು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದ ನಾಲ್ಕು ಲಕ್ಷ ಜನರಿಗೆ ನಳದ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಅಧಿಕಾರಿಗಳೇ ಸಾರಬೇಕಾಯಿತು. ಅಂಥ ಸಿರಿವಂತ ದೇಶದ ಪಟ್ಟಣಕ್ಕೂ ಈ ಗತಿ ಬಂತು. ಕಿಸುಮುವಿನ ದಂಡೆಯಲ್ಲಿ ಬೇರೆ ನೀರಿಲ್ಲದೆ ಅದೇ ನೀರಿಗೆ ಕೊಡ ಅದ್ದುವ ತಾಯಂದಿರಿಗೆ ಸಾರಿ ಹೇಳುವವರು ಯಾರು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಮಗಳು ಮಾಡಬಹುದಾದದ್ದು ಇಷ್ಟು. ಹಸಿರು ಕೆನೆಗಟ್ಟಿದ ದಿನಗಳಲ್ಲಿ ಸರೋವರದಿಂದ ನೇರ ಎತ್ತಿದ ನೀರು, ಕುದಿಸಿದ್ದಾದರೂ, ಕುಡಿಯಲೂ ಬೇಡ, ಅಡುಗೆಗೂ ಬೇಡ. ಮಾಡಿನಿಂದ ಹಿಡಿದ ಮಳೆನೀರು, ಕೊಳವೆಬಾವಿಯ ನೀರು ಅಥವಾ ಸರಿಯಾಗಿ ಶುದ್ಧೀಕರಿಸಿ ಪರೀಕ್ಷಿಸಿದ ನೀರು ಇರಲಿ. ಮಳೆನೀರನ್ನೂ ಬಾವಿಯ ನೀರನ್ನೂ ಮೊದಲಿನಂತೆ ಕುದಿಸಲಿ. ಬಟ್ಟೆಯಲ್ಲಿ ಸೋಸಿದರೆ ನೀರಿನಲ್ಲಿ ಕರಗಿದ ವಿಷ ನಿಲ್ಲುವುದಿಲ್ಲ, ಮನೆಯ ಯುವಿ ದೀಪದ ಫಿಲ್ಟರನ್ನೂ ಇದಕ್ಕೆ ನಂಬಬಾರದು. ಪಟಿಕ ಜೀವಕೋಶಗಳನ್ನು ತಳಕ್ಕೆ ಇಳಿಸುತ್ತದೆ, ಕರಗಿದ ವಿಷವನ್ನು ಇಳಿಸುವುದಿಲ್ಲ. ಅದಕ್ಕೆ ಸಕ್ರಿಯ ಇದ್ದಿಲಿನಂಥ ವ್ಯವಸ್ಥೆ ಬೇಕು. ಮೊಮ್ಮಗನನ್ನು ಆ ನೀರಿನಲ್ಲಿ ಆಡಲು ಬಿಡಬೇಡಿ, ಮನೆಯ ನಾಯಿಯನ್ನೂ. ಮೀನು ತಿನ್ನುವುದಾದರೆ ಕರುಳು, ಲಿವರ್ ತೆಗೆದು ಒಳ್ಳೆಯ ನೀರಿನಲ್ಲಿ ತೊಳೆದ ಮಾಂಸ ಮಾತ್ರ. ನಮ್ಮ ಬೊಳೆಂಜೀರಿನಂಥ ಪುಟ್ಟ ಒಮೆನಾ ಮೀನನ್ನು ಅಲ್ಲಿ ಇಡಿಯಾಗಿ ತಿನ್ನುತ್ತಾರೆ, ಹೊಟ್ಟೆಯ ಸಮೇತ. ಪಾಚಿ ಎದ್ದಿರುವಷ್ಟು ದಿನ ಅದು ಬೇಡ.

ಕೊನೆಗೆ, ಮುಂಬಯಿಯ ಪೊವಾಯಿ ಕೆರೆಯ ನೀರು ನಿಮ್ಮ ನಳಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬ್ರಿಟಿಷರ ಕಾಲದಲ್ಲಿ, 1891ರ ಹೊತ್ತಿಗೆ, ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆ ಅದು. ನೀರು ಕುಡಿಯಲು ಯೋಗ್ಯವಲ್ಲವೆಂದು ಕೈಬಿಟ್ಟರು. ನಿಮ್ಮ ನಳಕ್ಕೆ ಅದರ ಹನಿಯೂ ಬರುವುದಿಲ್ಲ. ಮುಂಬಯಿಗೆ ನೀರು ಕೊಡುವ ಏಳು ಜಲಾಶಯಗಳೇ ಬೇರೆ. ಆದರೆ ಪೊವಾಯಿ ಕೆರೆಗೂ ಕೊಳಚೆ ಸೇರಿ, ಮರಾಠಿಯವರು ಜಲಪರ್ಣಿ ಎನ್ನುವ ಅಂತರಗಂಗೆ ದಂಡೆ ತುಂಬಿರುವುದನ್ನು ನೀವು ಬಸ್ಸಿನಿಂದಲೇ ನೋಡಿರುತ್ತೀರಿ. ವಿಕ್ಟೋರಿಯಾವನ್ನು ಕಾಡಿದ್ದೂ ಅದೇ ಗಿಡ. ಎಷ್ಟು ಸಲ ಕಿತ್ತು ಹಾಕಿದರೂ ಕೊಳಚೆ ನಿಲ್ಲದೆ ಅದು ನಿಲ್ಲುವುದಿಲ್ಲ.

ತಿದ್ದುಪಡಿ ಮುಂದಿನ ಸಂಚಿಕೆಯ ಆರೋಗ್ಯ ಪುಟದಲ್ಲಿ, ಮೊದಲಿನ ಸಲಹೆ ಇದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅಲ್ಲಿಯತನಕ, ಅಮ್ಮಾ, ಕಪಾಟಿಗೆ ಅಂಟಿಸಿದ ಆ ಚೀಟಿಯನ್ನು ಕಿತ್ತುಬಿಡಿ. ಮಗಳ ಫೋನಿನಲ್ಲಿರುವ ಫೋಟೊ ಅಳಿಸಲು ಇವತ್ತೇ ಹೇಳಿ. ಅವಳು ಅದನ್ನು ಅಲ್ಲಿಯ ನಮ್ಮವರಿಗೆ ಕಳಿಸಿದ್ದರೆ, ಈ ಪತ್ರವನ್ನೂ ಅವರಿಗೆ ಕಳಿಸಲಿ.